ಸಮುದ್ರದ ನೀಲಿ, ಹಡಗಿನ ಬಿಡುವು
(ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಮಾಡಿದ ಭಾಷಣ)

 

ಹಡಗು ಎಂದರೆ ನಮ್ಮ ಮನೆಗಳ ಹಿರಿಯರಿಗೆ ಹಜ್ ನೆನಪಾಗುತ್ತದೆ. ಬೆಂಗಳೂರಿನಿಂದ ಬೊಂಬಾಯಿಗೆ ರೈಲು, ಅಲ್ಲಿಂದ ಜೆದ್ದಾಕ್ಕೆ ಹಡಗು. 1995ರಲ್ಲಿ ಆ ಸಮುದ್ರಯಾನ ನಿಂತುಹೋಯಿತು. ಇಂದು ನಾನು ಹೇಳಹೊರಟಿರುವುದು ಅದೇ ಅರಬ್ಬಿ ಸಮುದ್ರವನ್ನು ದಾಟಿ ಬಂದ ಬೇರೊಂದು ಹಡಗಿನ ವಿಷಯ. ಅದಕ್ಕೂ ನಮ್ಮ ಮಲ್ಲೇಶ್ವರಕ್ಕೂ ಸಂಬಂಧವಿದೆ.

ಹೋದ ವರ್ಷ ಒಬ್ಬ ಹುಡುಗಿ ತಾಯಿಯ ಜೊತೆ ನನ್ನ ಬಳಿ ಬಂದಿದ್ದಳು. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರಕ್ಕೆ ಒಳ್ಳೆಯ ಅಂಕ. "ಸರ್, ನಮ್ಮ ಕಾಲೇಜಿನಲ್ಲಿ ಲ್ಯಾಬೇ ಸರಿಯಿಲ್ಲ. ವಿಜ್ಞಾನ ಬಿಟ್ಟು ಬಿ.ಕಾಂ. ಸೇರುತ್ತೇನೆ" ಎಂದಳು. ಆ ದಿನ ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಈಗ ಹೇಳುವುದು ಆಕೆಗೂ ಸೇರಿಸಿ.

1921ರಲ್ಲಿ ಸಿ.ವಿ. ರಾಮನ್ ಕಲ್ಕತ್ತ ವಿಶ್ವವಿದ್ಯಾಲಯದ ಪ್ರತಿನಿಧಿಯಾಗಿ ಇಂಗ್ಲೆಂಡಿಗೆ ಹೋದರು. ಅದು ಅವರ ಮೊದಲ ವಿದೇಶ ಪ್ರಯಾಣ. ಆಗ ಅವರಿಗೆ 32 ವರ್ಷ. ಹಿಂದಿರುಗಿದ್ದು ಪಿ ಅಂಡ್ ಓ ಕಂಪನಿಯ ನಾರ್ಕುಂಡಾ ಎಂಬ ಹಡಗಿನಲ್ಲಿ. ಮೂರು ಹೊಗೆಕೊಳವೆಗಳ, ಸುಮಾರು 16 ಸಾವಿರ ಟನ್ನಿನ ಹಡಗು. ಟೈಟಾನಿಕ್ ಕಟ್ಟಿದ ಬೆಲ್‌ಫಾಸ್ಟಿನ ಕಾರ್ಖಾನೆಯಲ್ಲೇ ತಯಾರಾದದ್ದು. ಅಂಥ ಹಡಗುಗಳೆಂದರೆ ತೇಲುವ ಊರುಗಳೇ. ಹೊತ್ತುಹೊತ್ತಿಗೆ ಊಟ, ಸಂಜೆಗೆ ಸಂಗೀತ, ಡೆಕ್ಕಿನ ಮೇಲೆ ಹಗ್ಗದ ಬಳೆ ಎಸೆಯುವ ಆಟ, ಒರಗು ಕುರ್ಚಿಗಳಲ್ಲಿ ದಿನಗಟ್ಟಲೆ ಹರಟೆ. ಜಿಬ್ರಾಲ್ಟರ್, ಸೂಯೆಜ್, ಏಡನ್ ದಾಟಿ ಬೊಂಬಾಯಿ ಸೇರುವವರೆಗೆ ಪ್ರಯಾಣಿಕರಿಗೆ ಮಾಡಲು ಬೇರೆ ಕೆಲಸವೇನೂ ಇರಲಿಲ್ಲ.

ರಾಮನ್ ಅವರು ಮೆಡಿಟರೇನಿಯನ್ ಸಮುದ್ರದ ಕಡುನೀಲಿಯನ್ನು ನೋಡುತ್ತ ನಿಂತರು. ಆಕಾಶದ ನೀಲಿಯೇ ನೀರಿನಲ್ಲಿ ಪ್ರತಿಫಲಿಸಿ ಹಾಗೆ ಕಾಣುತ್ತದೆ ಎಂದು ಲಾರ್ಡ್ ರ‍್ಯಾಲೆ ಹೇಳಿದ್ದರು. ರ‍್ಯಾಲೆ ಎಂದರೆ ನೊಬೆಲ್ ಪಡೆದ ಮಹಾ ವಿದ್ವಾಂಸರು. ರಾಮನ್ ಬಳಿ ಇದ್ದದ್ದು ನಿಕಾಲ್ ಪ್ರಿಸಂ ಎಂಬ ಸಣ್ಣ ಹರಳು. ನೀರಿನ ಮೇಲ್ಮೈಯಿಂದ ಒಂದು ನಿರ್ದಿಷ್ಟ ಕೋನದಲ್ಲಿ ಪ್ರತಿಫಲಿಸುವ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ಹರಳನ್ನು ಕಣ್ಣಿಗೆ ಹಿಡಿದು ತಿರುಗಿಸಿದರೆ ಆ ಬೆಳಕು ಅಡಗಿಹೋಗುತ್ತದೆ. ಆಕಾಶದ ಪ್ರತಿಫಲನವೇ ಕಾರಣವಾಗಿದ್ದರೆ ನೀಲಿಯೂ ಮಾಯವಾಗಬೇಕಿತ್ತಲ್ಲವೇ? ಮಾಯವಾಗಲಿಲ್ಲ, ಇನ್ನೂ ಗಾಢವಾಯಿತು! ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತಿವೆ ಎಂದು ಅವರು ತರ್ಕಿಸಿದರು. ಹಡಗು ಬೊಂಬಾಯಿ ಬಂದರು ತಲುಪಿದಾಗ, 1921ರ ಸೆಪ್ಟೆಂಬರ್ 26ರ ದಿನಾಂಕ ಹಾಕಿ, ಲಂಡನ್ನಿನ ನೇಚರ್ ಪತ್ರಿಕೆಗೆ ಬರೆದು ಕಳಿಸಿದರು. ನವೆಂಬರಿನಲ್ಲಿ ಅದು ಅಚ್ಚಾಯಿತು. ನೀರು ಕೆಂಪು ಬೆಳಕನ್ನು ಹೀರಿಕೊಳ್ಳುವುದೂ ನೀಲಿಗೆ ದೊಡ್ಡ ಕಾರಣವೆಂದು ಈಗ ತಿಳಿದಿದೆ; ಆದರೆ ಬೆಳಕಿನ ಚದುರುವಿಕೆಯನ್ನು ಬೆನ್ನು ಹತ್ತಿ ಹೋದದ್ದರಿಂದಲೇ 1928ರಲ್ಲಿ ರಾಮನ್ ಪರಿಣಾಮ, 1930ರಲ್ಲಿ ನೊಬೆಲ್. 1933ರಲ್ಲಿ ಅವರು ನಮ್ಮ ಊರಿಗೆ ಟಾಟಾ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿ ಬಂದರು. ಮಲ್ಲೇಶ್ವರದ ಪಂಚವಟಿ ಅವರ ಮನೆ.

ಜೇಬಿನಲ್ಲಿ ಒಂದು ಹರಳಿದ್ದರೆ ಸಾಕು, ಲ್ಯಾಬ್ ಬೇಡ ಎಂದು ನಾನು ಹೇಳಿದರೆ ಅದು ಮೋಸವಾದೀತು. ಅದೇ ಕಾಲದ ಅಂಥ ಹಡಗುಗಳ ತಳದಲ್ಲಿ ಬಾಯ್ಲರುಗಳ ಮುಂದೆ ಬೆಂಕಿ ನೋಡಿಕೊಳ್ಳುತ್ತಿದ್ದವರಲ್ಲಿ ಬಹಳ ಮಂದಿ ಪಂಜಾಬಿನ ಮುಸ್ಲಿಮರು, ಪಠಾಣರು. ಊಟ ಬಡಿಸುತ್ತಿದ್ದವರು ಹೆಚ್ಚಾಗಿ ಗೋವೆಯವರು. ಅವರೂ ಅದೇ ಸಮುದ್ರದ ಮೇಲೆ ವರ್ಷಗಟ್ಟಲೆ ಓಡಾಡಿದರು. ಅವರಲ್ಲಿ ಚುರುಕು ಬುದ್ಧಿಯವರು ಇರಲಿಲ್ಲವೇ? ಇದ್ದಿರಲೇಬೇಕು. ಅವರಿಗೆ ಶಾಲೆಯಿರಲಿಲ್ಲ, ಡೆಕ್ಕಿನ ಮೇಲೆ ಸುಮ್ಮನೆ ನಿಲ್ಲುವ ಬಿಡುವೂ ಇರಲಿಲ್ಲ. ಪಾಳಿ ಮುಗಿದರೆ ಮಲಗಬೇಕು, ಮತ್ತೆ ಏಳಬೇಕು.

ಅಧ್ಯಕ್ಷರು ಈಗ ಕೊಡಲಿರುವ ಚೆಕ್ಕನ್ನು ನಾನು ಆ ಬಿಡುವಿನ ಲೆಕ್ಕದಲ್ಲಿ ನೋಡುತ್ತೇನೆ. ಅಂಗಡಿಯಲ್ಲಿ ಕೂರಬೇಕಾದ ಹುಡುಗ, ಮನೆಯಲ್ಲಿ ಹೊಲಿಗೆ ಹಾಕಬೇಕಾದ ಹುಡುಗಿ ಒಂದು ವರ್ಷ ಓದಿಕೊಂಡಿರಲಿ ಎಂದು ಕೊಡುವ ಹಣ ಇದು. ದಾನಿಗಳು ಇನ್ನೂ ಸ್ವಲ್ಪ ಕೈಬಿಚ್ಚಿದರೆ ಲ್ಯಾಬೂ ಆದೀತು. ಸಮಿತಿಯವರು ಬೇಸರಪಡಬಾರದು, ವಯಸ್ಸಾದವನ ಮಾತು.

ನಾರ್ಕುಂಡಾ 1942ರ ನವೆಂಬರಿನಲ್ಲಿ, ಯುದ್ಧಕಾಲದಲ್ಲಿ, ಅಲ್ಜೀರಿಯಾದ ಕರಾವಳಿಯ ಬಳಿ ಜರ್ಮನ್ ವಿಮಾನಗಳ ಬಾಂಬಿಗೆ ಸಿಕ್ಕಿ ಮುಳುಗಿತು. ರಾಮನ್ ನೋಡುತ್ತ ನಿಂತಿದ್ದ ಆ ಮೆಡಿಟರೇನಿಯನ್ ಸಮುದ್ರದಲ್ಲೇ.

ಕೊನೆಯದಾಗಿ, ನಿಕಾಲ್ ಪ್ರಿಸಂ ನನ್ನ ಬಳಿ ಇಲ್ಲ. ಕೆಟ್ಟುಹೋದ ಒಂದು ಕ್ಯಾಲ್ಕುಲೇಟರಿನ ಪರದೆಯಿಂದ ಬಿಡಿಸಿದ ಪೋಲರಾಯ್ಡ್ ಹಾಳೆ ಇದೆ. ಅದೇ ಕೆಲಸ ಮಾಡುತ್ತದೆ. ಚಹಾ ಆದ ಮೇಲೆ ಹೊರಗೆ ನಿಂತಿರುತ್ತೇನೆ, ಬಂದು ನೋಡಿ. ಭಾನುವಾರ ಬೆಳಿಗ್ಗೆ ಬಿಡುವಿದ್ದವರು ಸ್ಯಾಂಕಿ ಕೆರೆಯ ಏರಿಯ ಮೇಲೆ ಸೇರೋಣ. ಆ ಹುಡುಗಿ ಇಲ್ಲಿ ಬಂದಿದ್ದರೆ, ಮಗಳೇ, ತಾಯಿಯನ್ನೂ ಕರೆದುಕೊಂಡು ಬಾ.