ಫೋರ್‌ಟ್ರಾನ್‌ನಲ್ಲಿ ಹೆಸರು ಮತ್ತು ಬೆಲೆ
(ನೆಲ್ಯಾಡಿಯಲ್ಲಿ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸದ ಬರಹರೂಪ)



ಫೋರ್‌ಟ್ರಾನ್ 1957ರಲ್ಲಿ ಐಬಿಎಂ ಕಂಪೆನಿ ಹೊರತಂದ ಗಣಕ ಭಾಷೆ. ಮುದುಕ ಭಾಷೆಯೆಂದು ನಗಬೇಡಿ. ಅಂಗಳದಲ್ಲಿ ಅಡಿಕೆ ಒಣಹಾಕಿದವರು ಕಾಯುವ ಮಳೆಯ ಮುನ್ಸೂಚನೆ ಇದೆಯಲ್ಲ, ಅಂಥ ದೊಡ್ಡ ಲೆಕ್ಕಗಳಲ್ಲಿ ಅದು ಇಂದಿಗೂ ದುಡಿಯುತ್ತಿದೆ. ವಿಜ್ಞಾನ, ಇಂಜಿನಿಯರಿಂಗ್ ಓದಲು ಹೋಗುವ ನಿಮ್ಮಲ್ಲಿ ಕೆಲವರಿಗಾದರೂ ಎದುರಾದೀತು. ಅದರ ಒಂದೇ ವಿಷಯವನ್ನು ಇಂದು ಹೇಳುತ್ತೇನೆ.

2003ರ ಫೋರ್‌ಟ್ರಾನ್‌ನಲ್ಲಿ ‘ಅಸೋಸಿಯೇಟ್’ ಎಂಬ ರಚನೆ ಸೇರಿತು. ಉದ್ದದ ಲೆಕ್ಕಕ್ಕೆ ಚಿಕ್ಕ ಹೆಸರಿಡುವ ಅನುಕೂಲ ಅದು. ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು. ನಿಮಗಾಗಿ ಕನ್ನಡದಲ್ಲಿ ಬರೆದಿದ್ದೇನೆ:

ಅಸೋಸಿಯೇಟ್ (ಮೊತ್ತ => ತೂಕ * ದರ)

ಇದನ್ನು ಕಂಪೈಲರ್, ಅಂದರೆ ನಾವು ಬರೆದುದನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶ, ಹೇಗೆ ತಿಳಿಯುತ್ತದೆ? ಬಲಗಡೆ ಇರುವುದು ಗುಣಾಕಾರ. ಈ ಸಾಲಿಗೆ ಬಂದಾಗ ಒಂದೇ ಸಲ ಗುಣಿಸಿ, ಬಂದ ಬೆಲೆಗೆ ಆ ಹೆಸರು ಕೊಡುತ್ತದೆ. ಆಮೇಲೆ ಒಳಗಡೆ ದರವನ್ನು ಬದಲಿಸಿದರೂ ಮೊತ್ತ ಕದಲದು. ಬೆಳಗ್ಗೆ ಅಡಿಕೆ ತೂಗಿ ಸಾಹುಕಾರರು ಚೀಟಿ ಬರೆದುಕೊಟ್ಟರು. ಸಂಜೆ ದರ ಏರಿತೆಂದು ಚೀಟಿಯ ಅಂಕೆ ತಾನಾಗಿ ಏರುವುದುಂಟೆ? ‘ಮೊತ್ತ = 0’ ಎಂದು ತಿದ್ದಲು ಹೋದರೆ ಕಂಪೈಲರ್ ಒಪ್ಪುವುದೇ ಇಲ್ಲ.

ಹಳೆಯ ಪದ್ಧತಿಯಲ್ಲಿ ಐ ಇಂದ ಎನ್ ವರೆಗಿನ ಅಕ್ಷರಗಳಿಂದ ಶುರುವಾಗುವ ಹೆಸರು, ಬೇರೆ ಹೇಳದಿದ್ದರೆ, ಪೂರ್ಣಾಂಕ. ನಮ್ಮ ‘ಮೊತ್ತ’ ಎಂ ಅಕ್ಷರದ್ದು. ಆದರೂ ಪೈಸೆ ಉದುರುವುದಿಲ್ಲ. ಅಸೋಸಿಯೇಟ್‌ನ ಹೆಸರು ಬಲಗಡೆಯ ಜಾತಿಯನ್ನೇ ಪಡೆಯುತ್ತದೆ.

ಈಗ ಬಲಗಡೆ ಬರೀ ದರ ಇರಲಿ:

ಅಸೋಸಿಯೇಟ್ (ಕ್ರಯ => ದರ)

ಇಲ್ಲಿ ಚೀಟಿಯಿಲ್ಲ. ಮನೆಯಲ್ಲಿ ಮೋನು ಎನ್ನುತ್ತೇವೆ, ಶಾಲೆಯ ಹಾಜರಿಯಲ್ಲಿ ಬೇರೆ ಹೆಸರು, ಹುಡುಗ ಒಬ್ಬನೇ. ಕ್ರಯಕ್ಕೆ 10 ಕೂಡಿಸಿದರೆ ದರವೇ 10 ಏರುತ್ತದೆ. ‘ದರ(ದಿನ)’ ಎಂದು ಪಟ್ಟಿಯ ಒಂದು ಮನೆಯನ್ನು ತೋರಿಸಿದರೆ, ಆ ಹೊತ್ತಿನ ದಿನಕ್ಕೇ ಹೆಸರು ನಿಲ್ಲುತ್ತದೆ. ನಂತರ ದಿನದ ಅಂಕೆ ಮುಂದೆ ಹೋದರೂ ಅದು ಜೊತೆಗೆ ಹೋಗದು.

ಮೋಸವಿರುವುದು ಆವರಣದಲ್ಲಿ:

ಅಸೋಸಿಯೇಟ್ (ಕ್ರಯ => (ದರ))

ಗಣಿತದಲ್ಲಿ ಈ ಆವರಣಕ್ಕೆ ಅರ್ಥವಿಲ್ಲ. ಫೋರ್‌ಟ್ರಾನ್‌ಗೆ ಇದೆ: ಆವರಣ ಬಿದ್ದೊಡನೆ ದರ ಒಂದು ಲೆಕ್ಕವಾಗುತ್ತದೆ, ಕ್ರಯ ಮತ್ತೆ ಚೀಟಿಯಾಗುತ್ತದೆ. ಒಳಗೆ ದರವನ್ನು ಬದಲಿಸಿ ಕ್ರಯವನ್ನು ಓದಿದರೆ ಹಳೆಯ ಅಂಕೆಯೇ ಸಿಗುವುದು. ಕಂಪೈಲರ್ ಇದನ್ನು ತಪ್ಪೆನ್ನುವುದಿಲ್ಲ, ಏಕೆಂದರೆ ಬರೆದದ್ದು ನಿಯಮದ ಪ್ರಕಾರವೇ ಇದೆ. ಸಾವಿರಾರು ಸಾಲಿನ ಲೆಕ್ಕದಲ್ಲಿ ಇಂಥದ್ದನ್ನು ಹುಡುಕುವುದು ಸುಲಭವಲ್ಲ.

ಜಿಫೋರ್‌ಟ್ರಾನ್ ಉಚಿತವಾಗಿ ಸಿಗುತ್ತದೆ. ಕೊನೆಯ ಎರಡು ರೂಪಗಳನ್ನೂ ಬರೆದು, ಒಳಗಡೆ ದರ ಬದಲಿಸಿ, ಕ್ರಯವನ್ನು ಮುದ್ರಿಸಿ ನೋಡಿ.