ರಕ್ತದೊತ್ತಡಕ್ಕೂ ಕಾವಲಿರಲಿ
(ತಾಳವಾಡಿ ಭಾಗದ ಕಬ್ಬು ಬೆಳೆಗಾರರ ಸಭೆಯಲ್ಲಿ ಮಾಡಿದ ಭಾಷಣ)



ಆನೆ ಕಬ್ಬಿಗೆ ನುಗ್ಗಿದರೆ ಸದ್ದು ಕೇಳುತ್ತದೆ. ಏರಿದ ರಕ್ತದೊತ್ತಡ ಸದ್ದು ಮಾಡುವುದಿಲ್ಲ. ತಲೆನೋವು, ತಲೆಸುತ್ತು ಯಾವುದೂ ಇಲ್ಲದೆಯೇ ಹೃದಯವನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತದೆ. ಒಂದು ದಿನ ಲಕ್ವ ಹೊಡೆಯುತ್ತದೆ. ಆಗ ದಿಂಬಂ ಘಾಟಿಯ 27 ತಿರುವುಗಳನ್ನು ಅಪರಾತ್ರಿಯಲ್ಲಿ ಇಳಿಯುವುದು ಸುಲಭವೇ?

"ದಿನವಿಡೀ ಹೊಲದಲ್ಲಿ ದುಡಿಯುವ ನನಗೇಕೆ ಬಿ.ಪಿ.?" ಎನ್ನಬೇಡಿ. ದುಡಿಮೆ ಒಳ್ಳೆಯದೇ; ಆದರೆ ಅತಿಯಾದ ಉಪ್ಪು, ಕುಡಿತ, ನಿದ್ದೆಗೆಡುವುದು ಒತ್ತಡವನ್ನು ಏರಿಸುತ್ತವೆ. ಬೀಡಿ ಸೇದಿದರೆ ಹೃದಯಕ್ಕೆ ಅಪಾಯ ಇನ್ನೂ ಹೆಚ್ಚು.

ರಾಗಿಮುದ್ದೆ, ಸೊಪ್ಪಿನ ಸಾರು ಬಿಡಬೇಕಿಲ್ಲ. ಉಪ್ಪು ಮಾತ್ರ ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚದೊಳಗಿರಲಿ. ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಇದೇ ಲೆಕ್ಕಕ್ಕೆ ಸೇರುತ್ತದೆ. ಬೀಡಿ, ಕುಡಿತ ಬಿಡಿ. ರಾತ್ರಿ ಕಾವಲನ್ನು ಅಕ್ಕಪಕ್ಕದ ಹೊಲದವರೊಡನೆ ಸರದಿಯಲ್ಲಿ ಹಂಚಿಕೊಂಡು ನಿದ್ದೆ ಮಾಡಿ.

30 ವರ್ಷ ದಾಟಿದ ಎಲ್ಲರೂ, ಹೆಂಗಸರೂ ಸೇರಿ, ಒತ್ತಡ ಅಳೆಸಿಕೊಳ್ಳಿ. ಮತ್ತೆ ಮತ್ತೆ 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರನ್ನು ಕಾಣಿರಿ. ಮನೆಬಾಗಿಲಿಗೇ ಮಾತ್ರೆ ತಲುಪಿಸಲು ತಮಿಳುನಾಡು ಸರ್ಕಾರ 2021ರಲ್ಲಿ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆ ಆರಂಭಿಸಿತು. ಊರಿನ ಆರೋಗ್ಯ ಕಾರ್ಯಕರ್ತೆಯನ್ನು ವಿಚಾರಿಸಿ. ಹಾಯೆನಿಸಿತೆಂದು ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಬೆಳೆಗೆ ಕಾವಲಿಡುವ ನಾವು ಬೆಳೆಗಾರನಿಗೂ ಕಾವಲಿಡೋಣ.