ಸರ್ವರಿನ ಜಾಗ ಎಲ್ಲಿ ಹೋಯಿತು?

ಕಾರವಾರದ ಬೈತಖೋಲ ಬಂದರದ ಹತ್ತಿರ ನಿಮ್ಮದೊಂದು ಸಗಟು ಮೀನು ವ್ಯಾಪಾರದ ಕಚೇರಿ ಇದೆಯೆಂದು ಎಣಿಸಿಕೊಳ್ಳಿರಿ. ಅಂಕೋಲೆಯಲ್ಲಿ ಅದರದೊಂದು ಶಾಖೆ. ಎರಡೂ ಕಡೆಯ ಲೆಕ್ಕವೆಲ್ಲ ಕಾರವಾರದ ಕೋಣೆಯ ಮೂಲೆಯಲ್ಲಿ ಹಗಲಿರುಳು ಗುಂಯ್‌ಗುಡುವ ಒಂದೇ ಸರ್ವರಿನಲ್ಲಿದೆ. ಒಂದು ಬೆಳಿಗ್ಗೆ, ಬೋಟುಗಳು ಬಂದ ಹೊತ್ತಿನಲ್ಲಿಯೇ, ಬಿಲ್ಲು ಹೊರಬರಲೊಲ್ಲದು. ಡಿಸ್ಕಿನಲ್ಲಿ ಜಾಗವಿಲ್ಲವೆನ್ನುತ್ತದೆ ಪರದೆ. ಆದರೆ ಕಾಣುವ ಕಡತಗಳನ್ನೆಲ್ಲ ಕೂಡಿಸಿದರೆ ಅರ್ಧ ಡಿಸ್ಕೂ ತುಂಬುವುದಿಲ್ಲ!

ಇಂಥ ಗಡಿಬಿಡಿಯಲ್ಲಿ ಕೈಗೆ ಸಿಕ್ಕಿದ್ದನ್ನು ಅಳಿಸಿಬಿಡುವ ಮನಸ್ಸಾಗುತ್ತದೆ. ಸ್ವಲ್ಪ ತಾಳಿರಿ. ಮೊದಲು ಜಾಗವನ್ನು ಹಿಡಿದು ಕೂತವರಾರು ಎಂಬುದನ್ನು ನೋಡಬೇಕು.

ಒಂದು ಟೆರಾಬೈಟೆಂದು ಕೊಂಡ ಡಿಸ್ಕು ವಿಂಡೋಸಿನಲ್ಲಿ 931 ಗಿಗಾಬೈಟೆಂದು ಕಾಣುವುದುಂಟು. ಇದು ಅಂಗಡಿಯವನ ಮೋಸವಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸು 1024ರ ಲೆಕ್ಕದಲ್ಲಿ. ಅದನ್ನು ಹುಡುಕಿ ಫಲವಿಲ್ಲ.

ನಿಜವಾಗಿ ಕಾಣೆಯಾದ ಜಾಗ ಬೇರೆ ಕಡೆ ಇರುತ್ತದೆ. 'ಶ್ಯಾಡೋ ಕಾಪಿ' ಚಾಲೂ ಇದ್ದರೆ, ಬದಲಾದ ಕಡತಗಳ ಹಳೆಯ ರೂಪವನ್ನು ವಿಂಡೋಸು ಗುಪ್ತವಾಗಿ ಕಾದಿಡುತ್ತದೆ. ಅದಕ್ಕೆ ಇಂತಿಷ್ಟೇ ಜಾಗವೆಂದು ಮಿತಿ ಹಾಕಲು ಬರುತ್ತದೆ. ಲಿನಕ್ಸ್ ಸರ್ವರಿನಲ್ಲಿ ಇನ್ನೊಂದು ಚೋದ್ಯ. ಯಾವುದೋ ಪ್ರೋಗ್ರಾಮು ತೆರೆದು ಹಿಡಿದಿರುವ ಕಡತವನ್ನು ನೀವು ಅಳಿಸಿದರೆ ಹೆಸರು ಮಾತ್ರ ಹೋಗುತ್ತದೆ. ಬಾಡಿಗೆದಾರನ ಹೆಸರನ್ನು ವಹಿಯಿಂದ ಹೊಡೆದುಹಾಕಿದ ಮಾತ್ರಕ್ಕೆ ಕೋಣೆ ತೆರವಾಗುತ್ತದೆಯೇ? ಆ ಪ್ರೋಗ್ರಾಮನ್ನು ನಿಲ್ಲಿಸಿ ಮತ್ತೆ ಹಚ್ಚಿದಾಗಲೇ ಜಾಗ ಮರಳುತ್ತದೆ.

ಎಲ್ಲಕ್ಕಿಂತ ಹೊಟ್ಟೆಬಾಕನೆಂದರೆ ಡೇಟಾಬೇಸಿನ ಲಾಗ್ ಕಡತ. ಎಸ್‌ಕ್ಯೂಎಲ್ ಸರ್ವರನ್ನು 'ಫುಲ್ ರಿಕವರಿ'ಯಲ್ಲಿಟ್ಟರೆ, ಪ್ರತಿಯೊಂದು ಬದಲಾವಣೆಯೂ ಅದರಲ್ಲಿ ದಾಖಲಾಗುತ್ತ ಹೋಗುತ್ತದೆ. ಲಾಗಿನದೇ ಬ್ಯಾಕಪ್ ತೆಗೆಯುವ ತನಕ ಅದು ಬೆಳೆಯುವುದೇ ಸೈ. ಡೇಟಾದ ಬ್ಯಾಕಪ್ ಮಾತ್ರ ತೆಗೆದರೆ ಸಾಲದು. ಲಾಗಿನ ಬ್ಯಾಕಪ್ ಆದ ಮೇಲೂ ಒಳಗೆ ತೆರವಾಗುತ್ತದೆಯೇ ಹೊರತು ಕಡತ ತಾನಾಗಿ ಕುಗ್ಗದು, ಕುಗ್ಗಿಸಬೇಕು. ಕಡತವನ್ನೇ ಅಳಿಸಹೋದಿರೋ, ಡೇಟಾಬೇಸು ತೆರೆಯದೆ ಹೋದೀತು, ಜೋಕೆ!

ಇನ್ನು ಪ್ರತಿ ರಾತ್ರಿಯ ಬ್ಯಾಕಪ್ಪನ್ನು ಅದೇ ಡಿಸ್ಕಿನಲ್ಲಿ ಪೇರಿಸಿಡುವ ರೂಢಿ. ಇದರಿಂದ ಜಾಗವೂ ಹೋಯಿತು, ರಕ್ಷಣೆಯೂ ಇಲ್ಲ. ಕಡಲ ಉಪ್ಪುಗಾಳಿ, ಮಳೆಗಾಲದ ಸಿಡಿಲು ನಮ್ಮ ಕರಾವಳಿಗೆ ಹೊಸತೇ? ಡಿಸ್ಕು ಹಾಳಾದರೆ ಅಸಲೂ ನಕಲೂ ಒಟ್ಟಿಗೇ ಮುಳುಗುತ್ತವೆ. ಒಂದು ಪ್ರತಿ ಅಂಕೋಲೆಯ ಶಾಖೆಯಲ್ಲಿರಲಿ.

ಹಳೆಯ ವರ್ಷಗಳ ಲೆಕ್ಕವನ್ನು ಮಾತ್ರ ಅಳಿಸಬೇಡಿರಿ. ಜಿಎಸ್‌ಟಿ ಕಾಯ್ದೆಯಂತೆ, ವಾರ್ಷಿಕ ರಿಟರ್ನಿನ ಕಡೆಯ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಕಾಯ್ದಿಡಬೇಕು. ಕಂಪನಿಯಾಗಿದ್ದರೆ 2013ರ ಕಾಯ್ದೆಯಂತೆ ಎಂಟು ವರ್ಷ. ಬೇರೊಂದು ಡಿಸ್ಕಿಗೆ ಸಾಗಿಸಿ, ಅಲ್ಲಿಂದ ತೆರೆದು ನೋಡಿ, ಆಮೇಲೆಯೇ ಇಲ್ಲಿಂದ ತೆಗೆಯಿರಿ.

ಈ ಕೆಲಸಕ್ಕೆ ಸಮಯವೆಲ್ಲಿ ಎಂದೀರಿ. ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ; ಬಲೆ ಹೆಣೆಯುವ ಕಾಲ. ಸರ್ವರನ್ನು ಹಸನುಮಾಡಲಿಕ್ಕೂ ಅದೇ ಪ್ರಶಸ್ತ. ಉಳಿದ ದಿನಗಳಲ್ಲಿ ಕಾರವಾರದ ರವಿವಾರದ ಸಂತೆಗೆ ಹೊರಡುವ ಮುನ್ನ ಡಿಸ್ಕಿನಲ್ಲಿ ಉಳಿದ ಜಾಗವನ್ನು ಒಂದು ವಹಿಯಲ್ಲಿ ಬರೆದಿಡಿರಿ. ವಾರಕ್ಕೆ ಮೂರು ಗಿಗಾಬೈಟು ಕಡಿಮೆಯಾಗುತ್ತಿದ್ದು ಮೂವತ್ತು ಉಳಿದಿದ್ದರೆ, ನಿಮ್ಮ ಕೈಯಲ್ಲಿರುವುದು ಹತ್ತು ವಾರ.